ಎಲ್ಲ ಕೆಲಸಕ್ಕೂ ಒಂದೇ ಯಂತ್ರ: ಅಲನ್ ಟ್ಯೂರಿಂಗ್

ಮಕ್ಕಳೇ, ನಿಮ್ಮ ಊರಿನಲ್ಲಿ ಏನೇನು ಯಂತ್ರಗಳಿವೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ತೋಟದಲ್ಲಿ ಕಾಯಿ ಸುಲಿಯುವ ಯಂತ್ರವಿದೆ. ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರವಿದೆ. ಕೊಳವೆಬಾವಿಗೆ ಮೋಟಾರ್ ಇದೆ. ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದೇ ಕೆಲಸ. ಕಾಯಿ ಸುಲಿಯುವ ಯಂತ್ರಕ್ಕೆ ರಾಗಿ ಸುರಿದರೆ ಹಿಟ್ಟು ಬರುವುದಿಲ್ಲ. ಗಿರಣಿಗೆ ತೆಂಗಿನಕಾಯಿ ಹಾಕಿದರೆ ಏನಾದೀತೆಂದು ನಾನು ಹೇಳಬೇಕಾಗಿಲ್ಲ!

ಈಗ ಮನೆಯಲ್ಲಿರುವ ಮೊಬೈಲ್ ಫೋನನ್ನು ನೋಡಿ. ಲೆಕ್ಕ ಮಾಡುವುದು ಅದೇ, ಹಾಡು ಕೇಳಿಸುವುದು ಅದೇ, ಫೋಟೊ ತೆಗೆಯುವುದು ಅದೇ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ತೋರಿಸುವುದೂ ಅದೇ. ಹೊಸ ಕೆಲಸ ಬೇಕೆಂದಾಗ ಫೋನನ್ನು ಬಿಚ್ಚಿ ಹೊಸ ಗಾಲಿ ಕೂರಿಸುವುದಿಲ್ಲ. ಹೊಸ ಆ್ಯಪ್ ಹಾಕಿಕೊಳ್ಳುತ್ತೇವೆ, ಅಷ್ಟೇ. ಯಂತ್ರ ಹಳೆಯದೇ, ಕೆಲಸ ಮಾತ್ರ ಹೊಸದು.

ಒಂದೇ ಯಂತ್ರ ಇಷ್ಟೆಲ್ಲ ಕೆಲಸಗಳನ್ನು ಹೇಗೆ ಮಾಡುತ್ತದೆ? ಈ ಪ್ರಶ್ನೆಗೆ 1936ರಲ್ಲಿ ಇಂಗ್ಲೆಂಡಿನ ಒಬ್ಬ ಯುವಕ ಉತ್ತರ ಕಂಡುಕೊಂಡರು. ಆಗ ಅವರ ವಯಸ್ಸು 23. ಇಂದಿನಂತಹ ಕಂಪ್ಯೂಟರ್ ಆಗ ಪ್ರಪಂಚದಲ್ಲಿ ಒಂದೂ ಇರಲಿಲ್ಲ. ಆ ಯುವಕನ ಹೆಸರು ಅಲನ್ ಮ್ಯಾಥಿಸನ್ ಟ್ಯೂರಿಂಗ್. ಬನ್ನಿ, ಅವರ ಜೀವನದ ಕಥೆ ತಿಳಿಯೋಣ.

ಬಳ್ಳಾರಿಯ ನಂಟು

ಈ ಕಥೆ ಶುರುವಾಗುವುದು ನಮ್ಮ ಕಡೆಯಿಂದಲೇ. ಅಲನ್ ಅವರ ತಂದೆ ಜೂಲಿಯಸ್ ಟ್ಯೂರಿಂಗ್ ಬ್ರಿಟಿಷ್ ಸರ್ಕಾರದ ಅಧಿಕಾರಿ. 1896ರಲ್ಲಿ ಭಾರತಕ್ಕೆ ಬಂದ ಅವರು ಬಳ್ಳಾರಿ, ಕರ್ನೂಲು ಮತ್ತು ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಕೆಲಸ ಮಾಡಿದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಬೇಸಾಯ, ನೀರಾವರಿ, ನೈರ್ಮಲ್ಯ, ಲಸಿಕೆ ಹಾಕುವ ಕೆಲಸ ಇವುಗಳ ಬಗ್ಗೆ ಜೂಲಿಯಸ್ ವರದಿಗಳನ್ನು ಬರೆಯುತ್ತಿದ್ದರು. ತೆಲುಗು ಭಾಷೆಯನ್ನೂ ಕಲಿತಿದ್ದರು.

ತಾಯಿ ಎಥೆಲ್ ಸಾರಾ ಹುಟ್ಟಿದ್ದೇ ದಕ್ಷಿಣ ಭಾರತದಲ್ಲಿ, ಕೊಯಮತ್ತೂರಿನ ಹತ್ತಿರದ ಪೋತನೂರಿನಲ್ಲಿ. ಆಕೆಯ ತಂದೆ, ಅಂದರೆ ಅಲನ್ ಅವರ ತಾತ ಎಡ್ವರ್ಡ್ ಸ್ಟೋನಿ, ರೈಲ್ವೆ ಎಂಜಿನಿಯರ್. ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದ ಹೆಸರು ಅವರದು. ಆ ಕಾಲದಲ್ಲಿ ದೊಡ್ಡ ಮನೆಗಳ ಚಾವಣಿಗೆ ತೂಗುಹಾಕಿದ ಪಂಖಾವನ್ನು ಹಗ್ಗದಿಂದ ಎಳೆದು ಗಾಳಿ ಬೀಸುತ್ತಿದ್ದರು. ಆ ಪಂಖಾಕ್ಕೆ ಸದ್ದು ಮಾಡದ ಚಕ್ರವೊಂದನ್ನು ಸ್ಟೋನಿ ರೂಪಿಸಿದ್ದರು. ಯಂತ್ರಗಳ ಬಗೆಗಿನ ಆಸಕ್ತಿ ಮೊಮ್ಮಗನಿಗೆ ತಾತನಿಂದಲೇ ಬಂದಿರಬಹುದು!

1912ರ ಹೊತ್ತಿಗೆ ಜೂಲಿಯಸ್ ಇಂದಿನ ಒಡಿಶಾದ ಛತ್ರಪುರದಲ್ಲಿದ್ದರು. ಹೆರಿಗೆಗೆಂದು ದಂಪತಿ ಇಂಗ್ಲೆಂಡಿಗೆ ಹೋದರು. 1912ರ ಜೂನ್ 23ರಂದು ಲಂಡನ್ನಿನಲ್ಲಿ ಅಲನ್ ಹುಟ್ಟಿದನು.

ಭಾರತದ ಬಿಸಿಲು ಮಕ್ಕಳ ಆರೋಗ್ಯಕ್ಕೆ ಒಗ್ಗದು ಎಂದು ತಂದೆತಾಯಿ ಹೆದರಿದರು. ಅಲನ್‌ನನ್ನೂ ಅವನ ಅಣ್ಣ ಜಾನ್‌ನನ್ನೂ ಇಂಗ್ಲೆಂಡಿನಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಬಿಟ್ಟು ಭಾರತಕ್ಕೆ ಮರಳಿದರು. ಆಗ ಅಲನ್‌ಗೆ ಒಂದೂಕಾಲು ವರ್ಷ. ತಾಯಿ ಆಗಾಗ ಹೋಗಿ ಬರುತ್ತಿದ್ದರೂ ಅವನು ಬೆಳೆದದ್ದು ಹೆಚ್ಚಾಗಿ ಬೇರೆಯವರ ಮನೆಯಲ್ಲಿ, ಆಮೇಲೆ ವಸತಿ ಶಾಲೆಗಳಲ್ಲಿ. ತಾತ ಸೇತುವೆ ಕಟ್ಟಿದ, ತಂದೆ ಕುದುರೆ ಏರಿ ತಿರುಗಾಡಿದ ನಾಡನ್ನು ಅಲನ್ ಒಮ್ಮೆಯೂ ನೋಡಲಿಲ್ಲ.

ಹೂವು ನೋಡುತ್ತ ನಿಂತ ಹುಡುಗ

ಅಲನ್‌ಗೆ ಸುಮಾರು ಹತ್ತು ವರ್ಷವಾಗಿದ್ದಾಗ ಒಂದು ಪುಸ್ತಕ ಸಿಕ್ಕಿತು. ಪ್ರಕೃತಿಯ ಅದ್ಭುತಗಳನ್ನು ಮಕ್ಕಳಿಗೆ ತಿಳಿಸುವ ಪುಸ್ತಕ ಅದು. ಜೀವಿಯ ದೇಹವೂ ಒಂದು ಬಗೆಯ ಯಂತ್ರವೇ ಎಂದು ಅದರಲ್ಲಿತ್ತು. ಆ ಮಾತು ಹುಡುಗನ ತಲೆಯಲ್ಲಿ ಕುಳಿತುಬಿಟ್ಟಿತು.

1923ರಲ್ಲಿ ಅವನ ತಾಯಿ ಒಂದು ಚಿತ್ರ ಬರೆದರು. ಶಾಲೆಯ ಮೈದಾನದಲ್ಲಿ ಹುಡುಗರೆಲ್ಲ ಹಾಕಿ ಆಡುತ್ತಿದ್ದಾರೆ. ಒಬ್ಬ ಹುಡುಗ ಮಾತ್ರ ಕೈಯಲ್ಲಿ ಹಾಕಿ ಕೋಲು ಹಿಡಿದು, ಸೊಂಟ ಬಗ್ಗಿಸಿ, ಹುಲ್ಲಿನ ನಡುವೆ ಬೆಳೆದ ಡೇಸಿ ಹೂವನ್ನು ನೋಡುತ್ತಿದ್ದಾನೆ. ಆ ಹುಡುಗನೇ ಅಲನ್. ಈ ಚಿತ್ರವನ್ನು ನೆನಪಿಟ್ಟುಕೊಳ್ಳಿ. ಕಥೆಯ ಕೊನೆಯಲ್ಲಿ ಆ ಹೂವು ಮತ್ತೆ ಬರುತ್ತದೆ.

1926ರ ಮೇ ತಿಂಗಳು. ಹದಿಮೂರು ವರ್ಷದ ಅಲನ್ ಷರ್ಬೋರ್ನ್ ಎಂಬ ಊರಿನ ಹೊಸ ಶಾಲೆಗೆ ಸೇರಬೇಕಿತ್ತು. ಫ್ರಾನ್ಸಿನಿಂದ ಹಡಗಿನಲ್ಲಿ ಬಂದು ಸೌತಾಂಪ್ಟನ್ ಬಂದರಿನಲ್ಲಿ ಇಳಿದರೆ ದೇಶದಾದ್ಯಂತ ಮುಷ್ಕರ. ರೈಲುಗಳಿಲ್ಲ! ಅಲನ್ ತನ್ನ ಸೈಕಲ್ ಏರಿದನು. ನಕ್ಷೆ ನೋಡಿಕೊಂಡು ಸುಮಾರು 97 ಕಿಲೋಮೀಟರ್ ತುಳಿದನು. ರಾತ್ರಿ ದಾರಿಯಲ್ಲಿ ಒಂದು ಹೋಟೆಲಿನಲ್ಲಿ ತಂಗಿ ಮರುದಿನ ಶಾಲೆ ತಲುಪಿದನು. ತಿಪಟೂರಿನಿಂದ ಹೊರಟು ತುಮಕೂರನ್ನೂ ದಾಟಿ ಹೋದಷ್ಟು ದೂರ ಅದು.

ಅಲನ್ ಎಲ್ಲದರಲ್ಲೂ ಮೊದಲಿಗನಾಗಿದ್ದನೆಂದು ತಿಳಿಯಬೇಡಿ. ಅವನ ಅಕ್ಷರ ಕೆಟ್ಟದಾಗಿತ್ತು. ಪುಸ್ತಕದ ತುಂಬ ಮಸಿ ಕಲೆ. ಇಂಗ್ಲಿಷ್ ವಿಷಯದಲ್ಲಿ ತರಗತಿಗೆ ಕೊನೆಯವನು. ಗಣಿತದಲ್ಲೂ ಪುಸ್ತಕದಲ್ಲಿರುವ ವಿಧಾನ ಬಿಟ್ಟು ತನ್ನದೇ ದಾರಿ ಹಿಡಿಯುತ್ತಿದ್ದನು. ಕೋನಗಳ ಲೆಕ್ಕಕ್ಕೆ ಬೇಕಾದ ಒಂದು ಮುಖ್ಯ ಸರಣಿಯನ್ನು ಯಾರೂ ಹೇಳಿಕೊಡದೆ ತಾನೇ ಕಂಡುಹಿಡಿದನು. ಅದೇ ಸರಣಿಯನ್ನು ನಮ್ಮ ನೆರೆಯ ಕೇರಳದ ಗಣಿತಜ್ಞ ಮಾಧವ ಸುಮಾರು 600 ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು!

ಷರ್ಬೋರ್ನ್ ಶಾಲೆಯಲ್ಲಿ ಅಲನ್‌ಗೆ ಒಬ್ಬ ಗೆಳೆಯ ಸಿಕ್ಕಿದನು. ಅವನ ಹೆಸರು ಕ್ರಿಸ್ಟೋಫರ್ ಮಾರ್ಕಮ್. ನಕ್ಷತ್ರಗಳು, ರಸಾಯನ ಪ್ರಯೋಗಗಳು, ಗಣಿತ, ಎಲ್ಲದರ ಬಗ್ಗೆ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಂಟಿಯಾಗಿದ್ದ ಹುಡುಗನಿಗೆ ಜೊತೆ ಸಿಕ್ಕಿತ್ತು. ಆದರೆ 1930ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ಕ್ಷಯರೋಗದಿಂದ ತೀರಿಕೊಂಡನು. ಚಿಕ್ಕಂದಿನಲ್ಲಿ ಕುಡಿದ ಹಸುವಿನ ಹಾಲಿನಿಂದ ಆ ರೋಗ ಅವನಿಗೆ ತಗಲಿತ್ತು. (ಹಸಿ ಹಾಲು ಕುಡಿಯಬಾರದು, ಕಾಯಿಸಿಯೇ ಕುಡಿಯಬೇಕು ಎಂದು ನಿಮ್ಮ ಪಾಠದಲ್ಲಿ ಏಕೆ ಹೇಳಿದೆ ಎಂದು ಈಗ ಗೊತ್ತಾಯಿತಲ್ಲವೇ?) ಅಲನ್‌ಗೆ ತಡೆಯಲಾರದ ದುಃಖವಾಯಿತು. ಗೆಳೆಯ ಮಾಡಬೇಕೆಂದಿದ್ದ ಕೆಲಸವನ್ನು ತಾನು ಮಾಡಬೇಕು ಎಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿದನು. 1931ರಲ್ಲಿ ಗಣಿತ ಓದಲು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಕಿಂಗ್ಸ್ ಕಾಲೇಜಿಗೆ ಸೇರಿದನು.

ಕಾಗದದ ಮೇಲಿನ ಯಂತ್ರ

ಆ ದಿನಗಳಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಮನುಷ್ಯ! ಕಚೇರಿಗಳಲ್ಲಿ ಕುಳಿತು ಕಾಗದ, ಪೆನ್ಸಿಲ್ ಹಿಡಿದು ದಿನವಿಡೀ ಲೆಕ್ಕ ಮಾಡುವವರನ್ನು ಹಾಗೆ ಕರೆಯುತ್ತಿದ್ದರು. ಟ್ಯೂರಿಂಗ್ ಅವರನ್ನು ಆಗ ಒಂದು ಪ್ರಶ್ನೆ ಕಾಡುತ್ತಿತ್ತು. ಯಾವುದೇ ಗಣಿತದ ಹೇಳಿಕೆ ಕೊಟ್ಟರೂ ಅದನ್ನು ಸಾಧಿಸಲು ಆಗುತ್ತದೆಯೇ, ಇಲ್ಲವೇ ಎಂದು ತಪ್ಪದೆ ಹೇಳುವ ಒಂದು ವಿಧಾನ ಇದೆಯೇ? ಇದನ್ನು ಕೇಳಿದ್ದವರು ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್.

ವಿಧಾನ ಎಂದರೇನು ಎಂಬುದನ್ನೇ ಟ್ಯೂರಿಂಗ್ ಮೊದಲು ಯೋಚಿಸಿದರು. ಲೆಕ್ಕ ಮಾಡುವ ಮನುಷ್ಯ ನಿಜವಾಗಿ ಮಾಡುವುದೇನು? ಕಾಗದದ ಮೇಲಿನ ಒಂದು ಗುರುತನ್ನು ನೋಡುತ್ತಾನೆ. ಅಳಿಸುತ್ತಾನೆ ಅಥವಾ ಬರೆಯುತ್ತಾನೆ. ಪಕ್ಕಕ್ಕೆ ಸರಿಯುತ್ತಾನೆ. ಮುಂದೇನು ಮಾಡಬೇಕೆಂಬುದನ್ನು ನೆನಪಿಟ್ಟಿರುತ್ತಾನೆ. ಎಷ್ಟೇ ದೊಡ್ಡ ಲೆಕ್ಕವಾದರೂ ಇಷ್ಟೇ! ಈ ಸಣ್ಣ ಹೆಜ್ಜೆಗಳನ್ನು ಯಂತ್ರವೂ ಇಡಬಹುದಲ್ಲವೇ?

ಇದನ್ನು ನಾವೇ ಆಡಿ ನೋಡೋಣ. ಒಂದು ಉದ್ದನೆಯ ಕಾಗದದ ಪಟ್ಟಿಯಲ್ಲಿ ಸಾಲಾಗಿ ಚೌಕಗಳನ್ನು ಬರೆಯಿರಿ. ಒಂದು ರಾಶಿಯಲ್ಲಿ 3 ತೆಂಗಿನಕಾಯಿ, ಇನ್ನೊಂದರಲ್ಲಿ 2 ಇವೆ ಎಂದುಕೊಳ್ಳಿ. ಒಂದು ಕಾಯಿಗೆ ಒಂದು 1 ಬರೆಯೋಣ. ಮೊದಲ ಮೂರು ಚೌಕಗಳಲ್ಲಿ 1, 1, 1. ನಂತರ ಒಂದು ಚೌಕ ಖಾಲಿ. ನಂತರ ಎರಡು ಚೌಕಗಳಲ್ಲಿ 1, 1. ಆಮೇಲಿನ ಚೌಕಗಳೆಲ್ಲ ಖಾಲಿ. ಈಗ ಎಡತುದಿಯ 1ರ ಮೇಲೆ ಬೆರಳಿಟ್ಟು ಈ ಸೂಚನೆಗಳನ್ನು ಪಾಲಿಸಿ.

ಸೂಚನೆ 1: ಚೌಕದಲ್ಲಿ 1 ಇದ್ದರೆ ಬಲಕ್ಕೆ ಒಂದು ಚೌಕ ಸರಿಯಿರಿ, ಮತ್ತೆ ಇದೇ ಸೂಚನೆ ಪಾಲಿಸಿ. ಚೌಕ ಖಾಲಿ ಇದ್ದರೆ ಅಲ್ಲಿ 1 ಬರೆದು ಸೂಚನೆ 2ಕ್ಕೆ ಹೋಗಿ.

ಸೂಚನೆ 2: ಚೌಕದಲ್ಲಿ 1 ಇದ್ದರೆ ಬಲಕ್ಕೆ ಒಂದು ಚೌಕ ಸರಿಯಿರಿ, ಮತ್ತೆ ಇದೇ ಸೂಚನೆ ಪಾಲಿಸಿ. ಚೌಕ ಖಾಲಿ ಇದ್ದರೆ ಎಡಕ್ಕೆ ಒಂದು ಚೌಕ ಸರಿದು ಸೂಚನೆ 3ಕ್ಕೆ ಹೋಗಿ.

ಸೂಚನೆ 3: ಚೌಕದಲ್ಲಿರುವ 1 ಅನ್ನು ಅಳಿಸಿ. ನಿಲ್ಲಿ.

ಈಗ ಪಟ್ಟಿಯಲ್ಲಿ ಎಷ್ಟು 1 ಇವೆ? ಐದು! 3 ಮತ್ತು 2 ಕೂಡಿದವು. ನಿಮ್ಮ ಬೆರಳಿಗೆ ಎಣಿಸಲು ಬರಬೇಕಾಗಿರಲಿಲ್ಲ, ಕೂಡುವುದು ಎಂದರೇನೆಂದೂ ಗೊತ್ತಿರಬೇಕಾಗಿರಲಿಲ್ಲ. ಸೂಚನೆ ಪಾಲಿಸಿದರೆ ಸಾಕಾಗಿತ್ತು. 40 ಮತ್ತು 25 ಬರೆದರೂ ಇದೇ ಮೂರು ಸೂಚನೆಗಳು ಸಾಕು. ಇಂತಹ ಯಂತ್ರಕ್ಕೆ ಇಂದು ಟ್ಯೂರಿಂಗ್ ಯಂತ್ರ ಎಂದು ಹೆಸರು.

ಟ್ಯೂರಿಂಗ್ ಇಲ್ಲಿಗೇ ನಿಲ್ಲಲಿಲ್ಲ. ಕೂಡುವುದಕ್ಕೆ ಒಂದು ಯಂತ್ರ, ಗುಣಿಸುವುದಕ್ಕೆ ಇನ್ನೊಂದು ಯಂತ್ರ ಏಕೆ? ಸೂಚನೆಗಳನ್ನೂ ಅದೇ ಪಟ್ಟಿಯ ಮೇಲೆ ಬರೆದುಬಿಟ್ಟರೆ? ಯಂತ್ರ ಮೊದಲು ಸೂಚನೆಯನ್ನು ಓದುತ್ತದೆ, ಆಮೇಲೆ ಅದರಂತೆ ನಡೆಯುತ್ತದೆ. ಆಗ ಒಂದೇ ಯಂತ್ರ ಸಾಕು. ಕೆಲಸ ಬದಲಾಗಬೇಕೆಂದರೆ ಕಬ್ಬಿಣವನ್ನು ಬದಲಿಸಬೇಕಿಲ್ಲ, ಬರವಣಿಗೆಯನ್ನು ಬದಲಿಸಿದರೆ ಆಯಿತು. ನಿಮ್ಮ ಮನೆಯ ಫೋನಿನಲ್ಲಿರುವ ಆ್ಯಪ್ ಎಂದರೆ ಇಂತಹ ಬರವಣಿಗೆಯೇ.

ಹಿಲ್ಬರ್ಟ್ ಅವರ ಪ್ರಶ್ನೆಗೂ ಉತ್ತರ ಸಿಕ್ಕಿತು. ಅಂತಹ ವಿಧಾನ ಇಲ್ಲ ಎಂದು ಟ್ಯೂರಿಂಗ್ ಸಾಧಿಸಿದರು. ಯಾವ ಯಂತ್ರವೂ ಬಿಡಿಸಲಾಗದ ಲೆಕ್ಕಗಳಿವೆ ಎಂದು, ಕಂಪ್ಯೂಟರ್ ಹುಟ್ಟುವ ಮೊದಲೇ ಅವರು ತೋರಿಸಿದ್ದರು! ಅಮೆರಿಕದ ಅಲೊಂಜೊ ಚರ್ಚ್ ಎಂಬ ಗಣಿತಜ್ಞರೂ ಅದೇ ಕಾಲದಲ್ಲಿ ಬೇರೆ ದಾರಿಯಿಂದ ಇದೇ ಉತ್ತರ ಮುಟ್ಟಿದ್ದರು. ಟ್ಯೂರಿಂಗ್ ಅಮೆರಿಕಕ್ಕೆ ಹೋಗಿ ಅವರ ಬಳಿ ಎರಡು ವರ್ಷ ಅಧ್ಯಯನ ಮಾಡಿ 1938ರಲ್ಲಿ ಮರಳಿದರು.

ಗುಟ್ಟಿನ ಬೀಗ

1939ರ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಜರ್ಮನಿಯ ಸೈನ್ಯ ರೇಡಿಯೊದಲ್ಲಿ ಕಳುಹಿಸುವ ಸಂದೇಶಗಳನ್ನು ಯಾರು ಬೇಕಾದರೂ ಕೇಳಬಹುದಿತ್ತು, ಆದರೆ ಅರ್ಥ ಮಾಡಿಕೊಳ್ಳಲಾಗುತ್ತಿರಲಿಲ್ಲ. ಅವರು ಎನಿಗ್ಮಾ ಎಂಬ ಯಂತ್ರದಿಂದ ಅಕ್ಷರಗಳನ್ನು ಅದಲುಬದಲು ಮಾಡಿ ಕಳುಹಿಸುತ್ತಿದ್ದರು. ಒಂದು ಅಕ್ಷರ ಒತ್ತಿದರೆ ಬೇರೊಂದು ಅಕ್ಷರದ ದೀಪ ಹತ್ತುತ್ತಿತ್ತು. ಪ್ರತಿ ಸಲ ಒತ್ತಿದಾಗಲೂ ಒಳಗಿನ ಗಾಲಿ ತಿರುಗಿ ಜೋಡಣೆಯೇ ಬದಲಾಗುತ್ತಿತ್ತು. ಆ ಯಂತ್ರವನ್ನು ಎಷ್ಟು ಬಗೆಯಲ್ಲಿ ಹೊಂದಿಸಬಹುದಿತ್ತು ಗೊತ್ತೆ? 1ರ ಮುಂದೆ 20 ಸೊನ್ನೆಗಳನ್ನು ಬರೆಯಿರಿ. ಅದಕ್ಕಿಂತಲೂ ಹೆಚ್ಚು!

ಈ ಗುಟ್ಟನ್ನು ಒಡೆಯಲು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಗಣಿತಜ್ಞರು ಸೇರಿದರು. ಟ್ಯೂರಿಂಗ್ ಅವರಲ್ಲಿ ಒಬ್ಬರು. ಮೊದಲ ದಾರಿ ತೋರಿಸಿದವರು ಪೋಲೆಂಡಿನ ಮರಿಯನ್ ರೆಯೆವ್‌ಸ್ಕಿ ಮತ್ತು ಅವರ ಇಬ್ಬರು ಜೊತೆಗಾರರು ಎಂಬುದನ್ನು ಮರೆಯಬಾರದು. ಯುದ್ಧಕ್ಕೆ ಮೊದಲೇ ಅವರು ಎನಿಗ್ಮಾದ ಒಳಗಿನ ರಚನೆ ಕಂಡುಕೊಂಡಿದ್ದರು.

ಎನಿಗ್ಮಾದಲ್ಲಿ ಒಂದು ದೋಷವಿತ್ತು. ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಬರುತ್ತಿರಲಿಲ್ಲ. ಸಂದೇಶದಲ್ಲಿ ಹವಾಮಾನ ಎಂಬಂತಹ ಪದ ಇದ್ದೇ ಇರುತ್ತದೆ ಎಂದು ಊಹಿಸಿ, ಅದನ್ನು ಗುಪ್ತ ಅಕ್ಷರಗಳ ಕೆಳಗೆ ಇಟ್ಟು ನೋಡುತ್ತಿದ್ದರು. ಒಂದೇ ಒಂದು ಅಕ್ಷರ ಮೇಲೆ ಕೆಳಗೆ ಒಂದೇ ಆಗಿಬಿಟ್ಟರೂ ಆ ಜಾಗ ತಪ್ಪು. ಹೀಗೆ ತಪ್ಪುಗಳನ್ನು ಬೇಗ ಬೇಗ ತೆಗೆದುಹಾಕುತ್ತ ಹೋದರೆ ಉಳಿಯುವುದು ಸರಿ. ಇದೇ ಉಪಾಯದಿಂದ ಎನಿಗ್ಮಾದ ತಪ್ಪು ಹೊಂದಿಕೆಗಳನ್ನು ತೆಗೆದುಹಾಕಲು ಟ್ಯೂರಿಂಗ್ ಬಾಂಬ್ ಎಂಬ ಯಂತ್ರವನ್ನು ರೂಪಿಸಿದರು. ಹೆಸರು ಹಾಗಿದ್ದರೂ ಅದು ಸಿಡಿಯುವ ಬಾಂಬಲ್ಲ! ಆಳೆತ್ತರದ, ಸುಮಾರು ಒಂದು ಟನ್ ತೂಕದ ಯಂತ್ರ. ಮೊದಲನೆಯದು 1940ರ ಮಾರ್ಚ್‌ನಲ್ಲಿ ಬಂತು. ಗಾರ್ಡನ್ ವೆಲ್ಷ್‌ಮನ್ ಎಂಬ ಗಣಿತಜ್ಞರು ಅದನ್ನು ಇನ್ನಷ್ಟು ಉತ್ತಮಗೊಳಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಇಂತಹ ಸುಮಾರು 200 ಯಂತ್ರಗಳಿದ್ದವು. ಒಂದು ಮಾತು ಗಮನಿಸಿ. ಬಾಂಬ್ ಯಂತ್ರವೂ ಕಾಯಿ ಸುಲಿಯುವ ಯಂತ್ರದಂತೆ ಒಂದೇ ಕೆಲಸದ್ದು. ಎಲ್ಲ ಕೆಲಸ ಮಾಡುವ ಯಂತ್ರ ಇನ್ನೂ ಟ್ಯೂರಿಂಗ್ ಅವರ ತಲೆಯಲ್ಲೇ ಇತ್ತು.

ಜರ್ಮನಿಯ ನೌಕಾಪಡೆಯ ಎನಿಗ್ಮಾ ಎಲ್ಲಕ್ಕಿಂತ ಕಠಿಣವಾಗಿತ್ತು. ಅದನ್ನು ಬೇರೆ ಯಾರೂ ಕೈಗೆತ್ತಿಕೊಳ್ಳದಿದ್ದಾಗ ಟ್ಯೂರಿಂಗ್ ಎತ್ತಿಕೊಂಡರು. ಇಂಗ್ಲೆಂಡಿಗೆ ಊಟ, ಎಣ್ಣೆ ತರುವ ಹಡಗುಗಳನ್ನು ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದ ಕಾಲವದು. ಸಂದೇಶ ಓದಲು ಆದಾಗ ಹಡಗುಗಳು ಬೇರೆ ದಾರಿ ಹಿಡಿದು ಪಾರಾಗುತ್ತಿದ್ದವು. ಸಾವಿರಾರು ಜೀವಗಳು ಉಳಿದವು. ಇದು ಟ್ಯೂರಿಂಗ್ ಒಬ್ಬರದೇ ಸಾಧನೆಯಲ್ಲ. 1945ರ ಆರಂಭದಲ್ಲಿ ಅಲ್ಲಿ ಸುಮಾರು 9,000 ಮಂದಿ ದುಡಿಯುತ್ತಿದ್ದರು. ನಾಲ್ವರಲ್ಲಿ ಮೂವರು ಮಹಿಳೆಯರು. ಜೋನ್ ಕ್ಲಾರ್ಕ್ ಎಂಬ ಗಣಿತಜ್ಞೆ ಟ್ಯೂರಿಂಗ್ ಅವರ ಜೊತೆಯಲ್ಲೇ ಗುಪ್ತಲಿಪಿ ಬಿಡಿಸುತ್ತಿದ್ದರು.

ಟ್ಯೂರಿಂಗ್ ಅವರ ನಡವಳಿಕೆ ಅಲ್ಲಿನವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಹೂವಿನ ಪರಾಗದಿಂದ ಸೀನು ಬರುತ್ತದೆಂದು ಅವರು ವಿಷಾನಿಲ ತಡೆಯುವ ಮುಖವಾಡ ಹಾಕಿಕೊಂಡು ಸೈಕಲ್ ಓಡಿಸುತ್ತಿದ್ದರು. ಆ ಸೈಕಲಿನ ಚೈನು ಆಗಾಗ ಕಳಚುತ್ತಿತ್ತು. ಪೆಡಲು ಎಷ್ಟು ಸುತ್ತು ತುಳಿದಾಗ ಕಳಚುತ್ತದೆ ಎಂದು ಅವರು ಎಣಿಸಿದರು. ಪ್ರತಿ ಸಲವೂ ಅಷ್ಟೇ ಸುತ್ತು! ಕೊನೆಗೆ ನೋಡಿದರೆ, ಬಾಗಿದ ಒಂದು ಕಡ್ಡಿ ಚೈನಿನ ಹಾಳಾದ ಒಂದು ಕೊಂಡಿಗೆ ಸಿಕ್ಕಿದಾಗಲೇ ಚೈನು ಕಳಚುತ್ತಿತ್ತು. ಎಣಿಕೆಯಿಂದಲೇ ಕಾರಣ ಹಿಡಿದ ವಿಜ್ಞಾನಿ ಅವರು.

ಬ್ಲೆಚ್ಲಿಯ ಕೆಲಸ ಯುದ್ಧದ ನಂತರವೂ ಗುಟ್ಟಾಗಿಯೇ ಇತ್ತು. ಅಲ್ಲಿದ್ದವರು ಮನೆಯವರಿಗೂ ಹೇಳುವಂತಿರಲಿಲ್ಲ. ಜನರಿಗೆ ಅದು ಚೆನ್ನಾಗಿ ತಿಳಿದದ್ದು 1974ರ ನಂತರ. ಅಷ್ಟು ಹೊತ್ತಿಗೆ ಟ್ಯೂರಿಂಗ್ ತೀರಿಕೊಂಡು 20 ವರ್ಷಗಳಾಗಿದ್ದವು.

ಕಾಗದದಿಂದ ಕಬ್ಬಿಣಕ್ಕೆ

ಯುದ್ಧ ಮುಗಿದ ಮೇಲೆ 1945ರಲ್ಲಿ ಟ್ಯೂರಿಂಗ್ ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೇರಿದರು. ಸೂಚನೆಗಳನ್ನು ತನ್ನೊಳಗೇ ಇಟ್ಟುಕೊಳ್ಳುವ ಕಂಪ್ಯೂಟರಿನ ಪೂರ್ಣ ವಿನ್ಯಾಸವನ್ನು ಅಲ್ಲಿ ತಯಾರಿಸಿದರು. ಅದನ್ನು ಕಟ್ಟುವ ಕೆಲಸ ಮಾತ್ರ ತುಂಬ ನಿಧಾನವಾಯಿತು. ಬೇಸರಗೊಂಡ ಅವರು 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅದೇ ವರ್ಷ ಜೂನ್ 21ರಂದು ಅಲ್ಲಿ ಫ್ರೆಡ್ ವಿಲಿಯಮ್ಸ್, ಟಾಮ್ ಕಿಲ್‌ಬರ್ನ್ ಮತ್ತು ಜೆಫ್ ಟೂಟಿಲ್ ಕಟ್ಟಿದ ಯಂತ್ರವು ತನ್ನೊಳಗಿದ್ದ ಸೂಚನೆಗಳನ್ನು ಓದಿ ಕೆಲಸ ಮಾಡಿತ್ತು. ಟ್ಯೂರಿಂಗ್ ಅವರ ವಿನ್ಯಾಸದ ಚಿಕ್ಕ ರೂಪವೊಂದು 1950ರಲ್ಲಿ ನಡೆಯತೊಡಗಿತು. ಆ ಕಾಲದ ಅತಿ ವೇಗದ ಕಂಪ್ಯೂಟರ್‌ಗಳಲ್ಲಿ ಅದೂ ಒಂದು.

ಕಂಪ್ಯೂಟರನ್ನು ಒಬ್ಬರೇ ಕಂಡುಹಿಡಿದರು ಎನ್ನಲಾಗದು. ನೂರು ವರ್ಷ ಮೊದಲೇ ಚಾರ್ಲ್ಸ್ ಬ್ಯಾಬೇಜ್ ಮತ್ತು ಏಡಾ ಲವ್‌ಲೇಸ್ ಅದರ ಕನಸು ಕಂಡಿದ್ದರು. ಜರ್ಮನಿಯ ಕೊನ್ರಾಡ್ ಝೂಸೆ, ಅಮೆರಿಕದ ಎನಿಯಾಕ್ ಯಂತ್ರ ಕಟ್ಟಿದವರು, ಹೀಗೆ ಹಲವರ ದುಡಿಮೆ ಇದರಲ್ಲಿದೆ. ಒಂದೇ ಯಂತ್ರ ಏಕೆ ಸಾಕು ಎಂಬುದನ್ನು ಗಣಿತದಿಂದ ಸ್ಪಷ್ಟಪಡಿಸಿದವರು ಟ್ಯೂರಿಂಗ್.

1950ರಲ್ಲಿ ಅವರು ಇನ್ನೊಂದು ಪ್ರಶ್ನೆ ಎತ್ತಿದರು. ಯಂತ್ರ ಯೋಚಿಸಬಲ್ಲದೇ? ಅದಕ್ಕೊಂದು ಪರೀಕ್ಷೆಯನ್ನೂ ಸೂಚಿಸಿದರು. ಮುಚ್ಚಿದ ಕೋಣೆಗಳಲ್ಲಿ ಒಂದು ಕಡೆ ಮನುಷ್ಯ, ಒಂದು ಕಡೆ ಯಂತ್ರ. ಹೊರಗಿರುವವರು ಪ್ರಶ್ನೆಗಳನ್ನು ಬರೆದು ಕಳುಹಿಸಬೇಕು. ಬರೆದು ಬಂದ ಉತ್ತರಗಳಿಂದ ಯಾವುದು ಯಂತ್ರ ಎಂದು ಗುರುತಿಸಲು ಆಗದಿದ್ದರೆ, ಅದು ಯೋಚಿಸುತ್ತಿಲ್ಲ ಎಂದು ಹೇಗೆ ಹೇಳುವುದು? ಅಟ್ಟದ ಮೇಲಿನ ಕಾಯಿಯನ್ನು ಹಿರಿಯರು ಒಡೆಯದೆ, ಅಲ್ಲಾಡಿಸಿ, ಸದ್ದಿನಿಂದಲೇ ಒಳಗೆ ಕೊಬ್ಬರಿಯಾಗಿದೆ ಎಂದು ಹೇಳುವುದಿಲ್ಲವೇ? ಇದೂ ಹಾಗೆಯೇ. ಇಂದು ಕಂಪ್ಯೂಟರ್‌ಗಳು ನಮ್ಮೊಡನೆ ಕನ್ನಡದಲ್ಲೂ ಮಾತಾಡುತ್ತಿವೆ. ಟ್ಯೂರಿಂಗ್ ಎತ್ತಿದ ಪ್ರಶ್ನೆಯ ಚರ್ಚೆ ಇನ್ನೂ ಮುಗಿದಿಲ್ಲ.

ಇಷ್ಟೆಲ್ಲದರ ನಡುವೆ ಅವರು ಒಳ್ಳೆಯ ಓಟಗಾರರೂ ಆಗಿದ್ದರು! 42 ಕಿಲೋಮೀಟರಿನ ಮ್ಯಾರಥಾನ್ ಓಟವನ್ನು 1947ರಲ್ಲಿ 2 ಗಂಟೆ 46 ನಿಮಿಷಗಳಲ್ಲಿ ಮುಗಿಸಿದ್ದರು.

ತೆಂಗಿನ ತಲೆಯಲ್ಲಿ ಒಂದು ಲೆಕ್ಕ

ಹಾಕಿ ಮೈದಾನದ ಡೇಸಿ ಹೂವು ನೆನಪಿದೆಯೇ? ಆ ಹೂವಿನ ನಡುವೆ ಸಣ್ಣ ಹೂಗಳು ಸುರುಳಿ ಸುರುಳಿಯಾಗಿ ಜೋಡಣೆಗೊಂಡಿರುತ್ತವೆ. ಸೂರ್ಯಕಾಂತಿಯಲ್ಲೂ ಹೀಗೆಯೇ. ಆ ಸುರುಳಿಗಳನ್ನು ಎಣಿಸಿದರೆ ಹೆಚ್ಚಾಗಿ 21, 34, 55 ಇಂತಹ ಸಂಖ್ಯೆಗಳು ಸಿಗುತ್ತವೆ. 1, 1, 2, 3, 5, 8, 13, 21, 34, 55 ಎಂಬ ಸಾಲನ್ನು ನೋಡಿ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಇದಕ್ಕೆ ಫಿಬೊನಾಚಿ ಸರಣಿ ಎಂದು ಹೆಸರು. ಗಿಡಕ್ಕೆ ಕೂಡುವುದನ್ನು ಕಲಿಸಿದವರು ಯಾರು?

ಗಿಡವೂ ಏನನ್ನೂ ಎಣಿಸದೆ, ಸಣ್ಣ ಸಣ್ಣ ನಿಯಮಗಳನ್ನು ಪಾಲಿಸುತ್ತಿರಬೇಕು ಎಂದು ಟ್ಯೂರಿಂಗ್ ಯೋಚಿಸಿದರು. ಬೆಳೆಯುವ ಜೀವಿಯಲ್ಲಿ ಎರಡು ರಾಸಾಯನಿಕಗಳು ಬೇರೆ ಬೇರೆ ವೇಗದಲ್ಲಿ ಹರಡುತ್ತ ಒಂದರೊಡನೊಂದು ವರ್ತಿಸಿದರೆ, ತಮ್ಮಷ್ಟಕ್ಕೆ ತಾವೇ ಚುಕ್ಕೆ, ಪಟ್ಟೆಗಳು ಮೂಡಬಹುದು ಎಂದು 1952ರಲ್ಲಿ ಗಣಿತದಿಂದ ತೋರಿಸಿದರು. ಚಿರತೆಯ ಚುಕ್ಕೆ, ಮೀನಿನ ಪಟ್ಟೆಗಳ ಬಗ್ಗೆ ವಿಜ್ಞಾನಿಗಳು ಇಂದಿಗೂ ಈ ದಾರಿಯಲ್ಲಿ ಸಂಶೋಧನೆ ಮಾಡುತ್ತಿದ್ದಾರೆ. ಆಮೇಲೆ ಟ್ಯೂರಿಂಗ್ ಮ್ಯಾಂಚೆಸ್ಟರಿನ ಕಂಪ್ಯೂಟರ್ ಬಳಸಿ ಗಿಡಗಳ ಸುರುಳಿಯ ಲೆಕ್ಕಕ್ಕೆ ಕೈಹಾಕಿದರು.

ಆ ಲೆಕ್ಕ ನಮ್ಮ ತಲೆಯ ಮೇಲೆಯೇ ಇದೆ ಮಕ್ಕಳೇ! ತೆಂಗಿನ ಮರದಲ್ಲಿ ತಿಂಗಳಿಗೆ ಸುಮಾರು ಒಂದು ಹೊಸ ಗರಿ ಬರುತ್ತದೆ. ಅದು ಹಿಂದಿನ ಗರಿಯ ನೇರಕ್ಕೆ ಬರುವುದಿಲ್ಲ, ಸುಮಾರು 140 ಡಿಗ್ರಿ ತಿರುಗಿ ಬರುತ್ತದೆ. ಹಾಗಾಗಿ ಒಂದರ ನೆರಳು ಇನ್ನೊಂದರ ಮೇಲೆ ಹೆಚ್ಚು ಬೀಳುವುದಿಲ್ಲ. ಗರಿಗಳ ಬುಡಗಳನ್ನು ಗಮನಿಸಿದರೆ ಐದು ಸುರುಳಿಗಳು ಕಾಣುತ್ತವೆ. ಐದು ಫಿಬೊನಾಚಿ ಸರಣಿಯ ಸಂಖ್ಯೆಯೇ ಅಲ್ಲವೇ? ಕೆಲವು ಮರಗಳಲ್ಲಿ ಸುರುಳಿ ಎಡಕ್ಕೆ, ಕೆಲವುಗಳಲ್ಲಿ ಬಲಕ್ಕೆ ತಿರುಗಿರುತ್ತದೆ. ಎರಡೂ ಬಗೆಯ ಮರಗಳು ಒಂದೇ ತೋಟದಲ್ಲಿರುತ್ತವೆ.

ಈ ಲೆಕ್ಕವನ್ನು ಟ್ಯೂರಿಂಗ್ ಮುಗಿಸಲಿಲ್ಲ. ಮುಗಿಸಲು ಅವರಿಗೆ ಆಗಲಿಲ್ಲ.

ಒಂದು ಅನ್ಯಾಯ

ಗಂಡಸನ್ನು ಪ್ರೀತಿಸುವ ಗಂಡಸರು, ಹೆಂಗಸನ್ನು ಪ್ರೀತಿಸುವ ಹೆಂಗಸರು ಎಲ್ಲ ಕಾಲದಲ್ಲೂ, ಎಲ್ಲ ದೇಶಗಳಲ್ಲೂ ಇದ್ದಾರೆ. ಟ್ಯೂರಿಂಗ್ ಹಾಗೆ ಗಂಡಸನ್ನು ಪ್ರೀತಿಸುವವರಾಗಿದ್ದರು. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಅದು ಅಪರಾಧವಾಗಿತ್ತು. 1952ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಜೈಲು ಅಥವಾ ದೇಹವನ್ನೇ ಬದಲಿಸುವ ಔಷಧ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು. ಅವರು ಒಂದು ವರ್ಷ ಆ ಔಷಧ ತೆಗೆದುಕೊಂಡರು. ಸರ್ಕಾರದ ಗುಪ್ತಲಿಪಿ ಕೆಲಸದಿಂದಲೂ ಅವರನ್ನು ದೂರವಿಟ್ಟರು. ದೇಶವನ್ನು ಕಾಪಾಡಿದವರನ್ನು ಆ ದೇಶ ನಡೆಸಿಕೊಂಡ ರೀತಿ ಇದು.

1954ರ ಜೂನ್ 7ರಂದು ಟ್ಯೂರಿಂಗ್ ತಮ್ಮ ಮನೆಯಲ್ಲಿ ತೀರಿಕೊಂಡರು. ಇನ್ನು 16 ದಿನ ಕಳೆದಿದ್ದರೆ ಅವರಿಗೆ 42 ತುಂಬುತ್ತಿತ್ತು. ಅದು ಆತ್ಮಹತ್ಯೆ ಎಂದು ವಿಚಾರಣೆ ನಡೆಸಿದ ಅಧಿಕಾರಿ ತೀರ್ಮಾನಿಸಿದರು. ಪ್ರಯೋಗ ಮಾಡುವಾಗ ಆದ ಆಕಸ್ಮಿಕ ಎಂದೇ ತಾಯಿ ಕೊನೆಯವರೆಗೂ ನಂಬಿದ್ದರು. ಆ ತಾಯಿಯೇ 1959ರಲ್ಲಿ ಮಗನ ಜೀವನಚರಿತ್ರೆ ಬರೆದು ಪ್ರಕಟಿಸಿದರು. ಮಗ ಯುದ್ಧದಲ್ಲಿ ಮಾಡಿದ ದೊಡ್ಡ ಕೆಲಸದ ಗುಟ್ಟು ಆಗಲೂ ಹೊರಬಂದಿರಲಿಲ್ಲ.

ಇಂಗ್ಲೆಂಡಿನಲ್ಲಿ ಆ ಕಾನೂನು 1967ರಲ್ಲಿ ಬದಲಾಯಿತು. 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿ ಅವರಿಗೆ ಮರಣೋತ್ತರ ಕ್ಷಮಾದಾನ ನೀಡಿದರು. 2021ರ ಜೂನ್ 23ರಂದು, ಅವರ ಹುಟ್ಟುಹಬ್ಬದ ದಿನ, ಅವರ ಚಿತ್ರವಿರುವ 50 ಪೌಂಡಿನ ನೋಟು ಚಲಾವಣೆಗೆ ಬಂತು. ಬ್ರಿಟಿಷರು ನಮ್ಮ ದೇಶದಲ್ಲೂ ಅಂತಹದೇ ಕಾನೂನು ಮಾಡಿಟ್ಟು ಹೋಗಿದ್ದರು. ಅಂತಹ ಪ್ರೀತಿ ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿತು.

ಮಕ್ಕಳೇ, ನಿಮ್ಮ ತರಗತಿಯಲ್ಲೂ ಮೈದಾನದ ಅಂಚಿನಲ್ಲಿ ಒಂಟಿಯಾಗಿ ನಿಲ್ಲುವ, ಎಲ್ಲರಂತೆ ಇರದ ಒಬ್ಬ ಹುಡುಗನೋ ಹುಡುಗಿಯೋ ಇರಬಹುದು. ಅವರನ್ನು ಹಾಸ್ಯ ಮಾಡಬೇಡಿ. ಕ್ರಿಸ್ಟೋಫರ್ ಮಾಡಿದಂತೆ ಜೊತೆಗೆ ಕರೆದುಕೊಳ್ಳಿ. ನಿಮಗೇ ಯಾರಾದರೂ ನೋವು ಕೊಡುತ್ತಿದ್ದರೆ ಒಳಗೇ ಇಟ್ಟುಕೊಳ್ಳಬೇಡಿ, ನಂಬಿಕೆಯ ಹಿರಿಯರಿಗೋ ಶಿಕ್ಷಕರಿಗೋ ಹೇಳಿ.

ಟ್ಯೂರಿಂಗ್ ತೀರಿಕೊಂಡ ಮರುವರ್ಷ, 1955ರಲ್ಲಿ, ಭಾರತದ ಮೊದಲ ಕಂಪ್ಯೂಟರ್ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂತು. ಕಂಪ್ಯೂಟರ್ ವಿಜ್ಞಾನದಲ್ಲಿ ದೊಡ್ಡ ಸಾಧನೆ ಮಾಡಿದವರಿಗೆ 1966ರಿಂದ ಪ್ರತಿವರ್ಷ ಟ್ಯೂರಿಂಗ್ ಪ್ರಶಸ್ತಿ ಕೊಡುತ್ತಾರೆ. ಆಂಧ್ರಪ್ರದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದ ರಾಜ್ ರೆಡ್ಡಿ ಅವರಿಗೆ 1994ರಲ್ಲಿ ಅದು ದೊರೆಯಿತು.

ಯಂತ್ರ ಸೂಚನೆಯನ್ನು ಪಾಲಿಸುತ್ತದೆ. ಆ ಸೂಚನೆ ಸರಿಯೇ ಎಂದು ಅದು ಕೇಳುವುದಿಲ್ಲ. ಟ್ಯೂರಿಂಗ್ ಅವರನ್ನು ಶಿಕ್ಷಿಸಿದವರೂ ಬರೆದಿಟ್ಟ ನಿಯಮವನ್ನು ಹಾಗೆಯೇ ಪಾಲಿಸಿದರು. ನಿಯಮ ಸರಿಯೇ ಎಂದು ಕೇಳುವುದು ಮನುಷ್ಯರ ಕೆಲಸ, ನಮ್ಮ ನಿಮ್ಮೆಲ್ಲರ ಕೆಲಸ.

ಮಾಡಿ ನೋಡಿ

1. ಮೇಲಿನ ಕಾಗದದ ಯಂತ್ರದಿಂದ 4 ಮತ್ತು 6 ಕೂಡಿ. ನಂತರ ಪಟ್ಟಿಯಲ್ಲಿರುವ ಎಲ್ಲ 1ಗಳನ್ನು ಅಳಿಸುವ ಯಂತ್ರಕ್ಕೆ ಸೂಚನೆಗಳನ್ನು ನೀವೇ ಬರೆಯಿರಿ. ಸೂಚನೆಯನ್ನು ಗೆಳೆಯರಿಗೆ ಕೊಟ್ಟು, ಏನೂ ಹೇಳಿಕೊಡದೆ, ಸರಿಯಾಗಿ ನಡೆಯುತ್ತದೆಯೇ ನೋಡಿ.

2. ತೋಟದಲ್ಲಿ 20 ತೆಂಗಿನ ಮರಗಳನ್ನು ಆರಿಸಿಕೊಳ್ಳಿ. ಎತ್ತರವಿಲ್ಲದ ಮರಗಳಾದರೆ ಸುಲಭ. ಮರ ಹತ್ತಬೇಡಿ, ಕಾಯಿ ಬೀಳುವ ಜಾಗದಲ್ಲಿ ನಿಲ್ಲಬೇಡಿ, ಸ್ವಲ್ಪ ದೂರದಿಂದ ನೋಡಿ. ಗರಿ ಬುಡಗಳ ಸುರುಳಿ ಎಡಕ್ಕೆ ಏರುತ್ತದೆಯೋ ಬಲಕ್ಕೆ ಏರುತ್ತದೆಯೋ ಗುರುತಿಸಿ ಪಟ್ಟಿ ಮಾಡಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಶಾಲೆಗಳ ಪಟ್ಟಿಯೊಡನೆ ಹೋಲಿಸಿ. ಎಡ, ಬಲ ಎರಡೂ ಸಮವಾಗಿವೆಯೇ? ಏಕಿರಬಹುದು? ನಿಮ್ಮ ಶಿಕ್ಷಕರೊಡನೆ ಚರ್ಚಿಸಿ.